ಶಿಕ್ಷಣ ಸಾಲ ತೀರಿಸಲಾಗದಿದ್ದರೆ ಮುಂದೇನು? ‘ಪಾಪರ್’ ಅರ್ಜಿಯ ಬಗ್ಗೆ ಪಾಲಕರೂ ದಾನಿಗಳೂ ತಿಳಿಯಬೇಕಾದದ್ದು





ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಮಕ್ಕಳಿಗೆ ಈ ವರ್ಷ ನೀಡಿದ ನೆರವಿನ ವಿವರ ಮತ್ತು ಲೆಕ್ಕಪತ್ರ ಈ ವರದಿಯ ಬೇರೆ ಪುಟಗಳಲ್ಲಿವೆ. ಅದರ ಜೊತೆಗೆ ಒಂದು ವಿಷಯವನ್ನು ಬಿಡಿಸಿ ಬರೆಯಬೇಕೆಂದು ನಮ್ಮ ಸಭೆಯಲ್ಲಿ ತೀರ್ಮಾನವಾಯಿತು. ಅದಕ್ಕೆ ಕಾರಣ ರಮಜಾನ್ ಮುಗಿದ ಮೇಲೆ ನಮ್ಮ ಕಚೇರಿಗೆ ಬಂದ ಒಬ್ಬ ತಂದೆ ಕೇಳಿದ ಪ್ರಶ್ನೆ.

ಅವರು ಸವದತ್ತಿ ತಾಲ್ಲೂಕಿನವರು. ಜಾತ್ರೆ, ಸಂತೆಗಳಲ್ಲಿ ಬಳೆ ಮಾರುವುದು ಅವರ ಉದ್ಯೋಗ. ಮಗನನ್ನು ಎಂಜಿನಿಯರಿಂಗ್ ಓದಿಸಲು ಬ್ಯಾಂಕಿನಿಂದ 4 ಲಕ್ಷ ರೂಪಾಯಿ ಶಿಕ್ಷಣ ಸಾಲ ತೆಗೆದಿದ್ದರು. ಮಗ ಪಾಸಾದ, ಆದರೆ ಓದಿಗೆ ತಕ್ಕ ಕೆಲಸ ಸಿಗಲಿಲ್ಲ. ಒಂದು ವರ್ಷದ ಅವಧಿ ಮುಗಿದು ಕಂತು ಶುರುವಾದಾಗ, ತಾಯಿ ಓಣಿಯ ಮಹಿಳಾ ಗುಂಪಿನಲ್ಲಿ ಸಾಲ ಎತ್ತಿ ಎರಡು ಕಂತು ಕಟ್ಟಿದರು. ಮೂರನೆಯದಕ್ಕೆ ಕೈ ಬರಿದಾಯಿತು. ಬ್ಯಾಂಕಿನ ನೋಟಿಸು ಬಂತು. ನೋಟಿಸನ್ನು ಮೇಜಿನ ಮೇಲಿಟ್ಟು ಅವರು ಕೇಳಿದ್ದು ಇಷ್ಟೇ: “ಭಾಯಿ, ಪಾಪರ್ ಚೀಟಿ ತಗೊಂಡ್ರ ಹುಡುಗನ ಸಾಲ ಹೋಗತೈತೇನ್ರಿ? ನನ್ನ ಹೆಸರ ಕೆಟ್ಟರ ಕೆಡ್ಲಿ. ಅವನ ಹೆಸರ ಉಳಿದ್ರ ಸಾಕು.”

ಅಂದು ನಮ್ಮಲ್ಲಿ ಯಾರಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ವಕೀಲರನ್ನು ಕೇಳಿದೆವು, ಕಾನೂನು ಓದಿದೆವು, ಬ್ಯಾಂಕಿನವರ ಹತ್ತಿರ ಮಾತಾಡಿದೆವು, ಉಲಮಾಗಳ ಸಲಹೆ ಪಡೆದೆವು. ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ. ಇದೇ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಬಾಯಿಗೆ ಬಾರದೆ ಉಳಿದಿದೆ ಎಂಬುದು ನಮಗೆ ಗೊತ್ತು.

ಪಾಪರ್ ಎಂದರೇನು?

ನಮ್ಮ ಕಡೆ ‘ಪಾಪರ್ ಆದ’, ‘ದಿವಾಳಿ ಎದ್ದ’ ಎನ್ನುವುದು ಬೈಗುಳದ ಹಾಗೆ ಕೇಳಿಸುತ್ತದೆ. ಕಾನೂನಿನಲ್ಲಿ ಅದರ ಅರ್ಥ ಬೇರೆ. ಪ್ರಾಮಾಣಿಕನಾದ ಒಬ್ಬ ಮನುಷ್ಯ ತನ್ನ ಸಾಲ ತೀರಿಸಲು ಸಾಧ್ಯವೇ ಇಲ್ಲ ಎಂಬ ಸ್ಥಿತಿಗೆ ಬಂದಾಗ ನ್ಯಾಯಾಲಯಕ್ಕೆ ಹೋಗಿ ತನ್ನ ಆಸ್ತಿ, ಆದಾಯ, ಸಾಲ ಎಲ್ಲವನ್ನೂ ಮುಚ್ಚಿಡದೆ ಹೇಳುತ್ತಾನೆ. ಇರುವುದನ್ನು ಸಾಲ ಕೊಟ್ಟವರಿಗೆ ಹಂಚಲಾಗುತ್ತದೆ. ಉಳಿದ ಬಾಕಿಯಿಂದ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಬಹುದು. ಸಾಲದಲ್ಲಿಯೇ ಸಾಯುವ ಬದಲು ಮತ್ತೆ ದುಡಿದು ಬದುಕಲಿ ಎಂಬುದು ಇದರ ಉದ್ದೇಶ.

ಈ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ಪುಣೆ ಮತ್ತು ಅಹಮದನಗರ ಭಾಗದ ರೈತರು 1875ರಲ್ಲಿ ಸಾಹುಕಾರರ ವಿರುದ್ಧ ಎದ್ದ ಮೇಲೆ, ಬ್ರಿಟಿಷ್ ಸರ್ಕಾರ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ತಂದಿತು. ಬೆಳಗಾವಿ ಜಿಲ್ಲೆ ಬಾಂಬೆ ಪ್ರಾಂತದಲ್ಲಿದ್ದಾಗಲೇ, 1947ರಲ್ಲಿ, ಬಾಂಬೆ ಕೃಷಿ ಸಾಲಗಾರರ ಪರಿಹಾರ ಕಾಯ್ದೆ ಬಂತು. ತೀರಿಸಲಾಗದ ಸಾಲ ಮನುಷ್ಯನನ್ನು ಜೀತಕ್ಕೆ ಇಳಿಸುತ್ತದೆ ಎಂಬುದನ್ನು ಕಾನೂನು ಬಹಳ ಹಿಂದೆಯೇ ಒಪ್ಪಿಕೊಂಡಿತ್ತು.

ಇವತ್ತಿಗೂ ಜಾರಿಯಲ್ಲಿರುವುದು 1920ರ ಕಾಯ್ದೆ

ಬೆಳಗಾವಿ ಜಿಲ್ಲೆಯ ಸಾಮಾನ್ಯ ವ್ಯಕ್ತಿಯೊಬ್ಬ ಇಂದು ಪಾಪರ್ ಅರ್ಜಿ ಹಾಕಬೇಕೆಂದರೆ, ಅದು 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಅಡಿಯಲ್ಲಿ. ನೂರು ವರ್ಷ ಮೀರಿದ ಕಾಯ್ದೆ. 500 ರೂಪಾಯಿಗಿಂತ ಕಡಿಮೆಯಲ್ಲದ ಸಾಲವಿದ್ದು ತೀರಿಸಲು ಆಗದವನು ಅರ್ಜಿ ಹಾಕಬಹುದು ಎಂದು ಅದರಲ್ಲಿ ಬರೆದಿದೆ. ಅಂದಿನ 500 ರೂಪಾಯಿ ಇಂದಿಗೂ ಹಾಗೆಯೇ ಉಳಿದಿದೆ.

ಈ ಕಾಯ್ದೆಯಲ್ಲಿ ಶಿಕ್ಷಣ ಸಾಲವನ್ನು ಹೆಸರು ಹೇಳಿ ಹೊರಗಿಟ್ಟಿಲ್ಲ. ಹಾಗಿದ್ದರೆ ದಾರಿ ತೆರೆದಿದೆ ಎನ್ನಬಹುದು. ಆದರೆ ನಮ್ಮ ಕುಟುಂಬಗಳು ಮೂರು ಮಾತುಗಳನ್ನು ಗಮನಿಸಬೇಕು.

ಮೊದಲನೆಯದು, ಅರ್ಜಿ ಹಾಕಿದ ಕೂಡಲೇ ಸಾಲ ಹೋಗುವುದಿಲ್ಲ. ನ್ಯಾಯಾಲಯ ಮೊದಲು ದಿವಾಳಿ ಎಂದು ಘೋಷಿಸಬೇಕು. ಆಮೇಲೆ ಗೊತ್ತುಪಡಿಸಿದ ಅವಧಿಯೊಳಗೆ ಬಿಡುಗಡೆಗಾಗಿ ಮತ್ತೆ ಅರ್ಜಿ ಹಾಕಬೇಕು. ಆಸ್ತಿಯ ಮೌಲ್ಯ ಸಾಲದ ರೂಪಾಯಿಗೆ ಎಂಟಾಣೆಯಷ್ಟೂ ಇಲ್ಲದಿದ್ದರೆ, ಅದು ತನ್ನ ತಪ್ಪಿನಿಂದ ಆದದ್ದಲ್ಲ ಎಂದು ನ್ಯಾಯಾಧೀಶರಿಗೆ ಮನವರಿಕೆ ಮಾಡಿಕೊಡಬೇಕು. ಬಿಡುಗಡೆ ಸಿಗುವ ತನಕ, ತಾನು ದಿವಾಳಿಯಾಗಿರುವುದನ್ನು ಹೇಳದೆ 50 ರೂಪಾಯಿ ಅಥವಾ ಹೆಚ್ಚಿನ ಸಾಲ ಪಡೆದರೂ ಅದು ಅಪರಾಧ.

ಎರಡನೆಯದು, ಮೋಸದಿಂದ ಮಾಡಿದ ಸಾಲ ಮತ್ತು ಸರ್ಕಾರಕ್ಕೆ ಕೊಡಬೇಕಾದ ಬಾಕಿ ಬಿಡುಗಡೆಯಾದ ಮೇಲೂ ಉಳಿಯುತ್ತವೆ.

ಮೂರನೆಯದು ನಮಗೆ ಎಲ್ಲಕ್ಕಿಂತ ಮುಖ್ಯ. ಕಾಯ್ದೆಯ 44ನೇ ಕಲಮಿನ ಪ್ರಕಾರ, ಒಬ್ಬನಿಗೆ ಬಿಡುಗಡೆ ಸಿಕ್ಕರೂ ಅವನ ಜೊತೆ ಸಾಲಪತ್ರಕ್ಕೆ ಸಹಿ ಮಾಡಿದವರಿಗೂ ಜಾಮೀನು ನಿಂತವರಿಗೂ ಬಿಡುಗಡೆ ಇಲ್ಲ. ಶಿಕ್ಷಣ ಸಾಲದಲ್ಲಿ ತಂದೆ ಅಥವಾ ತಾಯಿ ಸಹ ಸಾಲಗಾರರಾಗಿ ಸಹಿ ಮಾಡಿರುತ್ತಾರೆ. ತಂದೆ ಪಾಪರ್ ಆದರೆ ಬ್ಯಾಂಕು ಮಗನನ್ನು ಹಿಡಿಯುತ್ತದೆ, ಮಗ ಪಾಪರ್ ಆದರೆ ತಂದೆಯನ್ನು ಹಿಡಿಯುತ್ತದೆ. ನಮ್ಮ ಕಚೇರಿಗೆ ಬಂದ ಆ ತಂದೆ ತನ್ನ ಹೆಸರು ಕೆಡಿಸಿಕೊಂಡು ಮಗನನ್ನು ಉಳಿಸಲು ಹೊರಟಿದ್ದರು. ಕಾನೂನಿನಲ್ಲಿ ಆ ತ್ಯಾಗಕ್ಕೆ ಬೆಲೆ ಇಲ್ಲ. ಅವರ ಹೆಸರೂ ಹೋಗುತ್ತಿತ್ತು, ಮಗನ ಸಾಲವೂ ಉಳಿಯುತ್ತಿತ್ತು.

2016ರ ಹೊಸ ಸಂಹಿತೆ ಏನು ಹೇಳುತ್ತದೆ?

ಹಳೆಯ ಕಾಯ್ದೆಯ ಜಾಗಕ್ಕೆ ಬರಬೇಕಾದದ್ದು 2016ರ ದಿವಾಳಿ ಸಂಹಿತೆ. ಕಂಪನಿಗಳಿಗೆ ಅದು ಜಾರಿಯಾಗಿದೆ. ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ಕೊಟ್ಟವರಿಗೂ 2019ರ ಡಿಸೆಂಬರ್ 1ರಿಂದ ಅನ್ವಯವಾಗಿದೆ. ಸಾಮಾನ್ಯ ಜನರಿಗೆ ಸಂಬಂಧಿಸಿದ ಭಾಗ ಈ ವರದಿ ಬರೆಯುವ ಹೊತ್ತಿಗೂ ಜಾರಿಗೆ ಬಂದಿಲ್ಲ.

ಆ ಭಾಗದಲ್ಲಿ ಬಡವರಿಗಾಗಿಯೇ ‘ಹೊಸ ಆರಂಭ’ ಎಂಬ ಕ್ರಮ ಇದೆ. ವರ್ಷದ ಆದಾಯ 60,000 ರೂಪಾಯಿ ಮೀರದ, ಆಸ್ತಿ 20,000 ಮೀರದ, ಸಾಲ 35,000 ಮೀರದ, ಸ್ವಂತ ಮನೆ ಇಲ್ಲದ ವ್ಯಕ್ತಿ ಸಾಲಮನ್ನಾಕ್ಕೆ ಅರ್ಜಿ ಹಾಕಬಹುದು. ಆದರೆ ಇದರಲ್ಲಿ ಸೇರದ ಸಾಲಗಳ ಪಟ್ಟಿಯೂ ಅಲ್ಲಿಯೇ ಇದೆ: ನ್ಯಾಯಾಲಯದ ದಂಡ, ನಷ್ಟ ಪರಿಹಾರ, ಜೀವನಾಂಶ ಮತ್ತು ಶಿಕ್ಷಣ ಸಾಲ. ದೊಡ್ಡ ಮೊತ್ತದ ದಿವಾಳಿಯಲ್ಲಿ ಬಿಡುಗಡೆ ಸಿಕ್ಕರೂ ಈ ಪಟ್ಟಿಯ ಸಾಲಗಳು ತಲೆಯ ಮೇಲೆ ಉಳಿಯುತ್ತವೆ ಎಂದು 139ನೇ ಕಲಮು ಹೇಳುತ್ತದೆ.

ಅಂದರೆ, ವ್ಯಾಪಾರದಲ್ಲಿ ಸೋತವನಿಗೆ ನಾಳೆ ತೆರೆಯಬಹುದಾದ ಬಾಗಿಲು ಓದಿಗಾಗಿ ಸಾಲ ಮಾಡಿದವನಿಗೆ ತೆರೆಯುವುದಿಲ್ಲ. ಕಾನೂನು ಮಾಡಿದವರ ಭಯ ಏನೆಂದು ಊಹಿಸಬಹುದು. ಓದು ಮುಗಿದ ದಿನ ಹುಡುಗನ ಹೆಸರಿನಲ್ಲಿ ಆಸ್ತಿ ಏನೂ ಇರುವುದಿಲ್ಲ. ಅಂದೇ ದಿವಾಳಿ ಅರ್ಜಿ ಹಾಕಿ ಮರುದಿನ ಒಳ್ಳೆಯ ನೌಕರಿ ಹಿಡಿದರೆ ಬ್ಯಾಂಕುಗಳು ಸಾಲ ಕೊಡುವುದನ್ನೇ ನಿಲ್ಲಿಸುತ್ತವೆ ಎಂಬುದು. ಅಮೆರಿಕದಲ್ಲಿಯೂ ಇದೇ ಭಯದಿಂದ 1976ರಲ್ಲಿ, ಶಿಕ್ಷಣ ಸಾಲವನ್ನು ಮೊದಲ 5 ವರ್ಷ ದಿವಾಳಿಯಲ್ಲಿ ಬಿಡುವಂತಿಲ್ಲ ಎಂದು ನಿಯಮ ಮಾಡಿದರು. ಆಮೇಲೆ ಅದು 7 ವರ್ಷವಾಯಿತು. 1998ರಲ್ಲಿ ಸರ್ಕಾರಿ ಸಾಲಗಳಿಗೆ ಆ ಕಾಲಮಿತಿಯನ್ನೂ ತೆಗೆದರು. ಈಗ ಅಲ್ಲಿ ವಿಪರೀತ ಕಷ್ಟವಿದೆ ಎಂದು ನ್ಯಾಯಾಲಯದಲ್ಲಿ ತೋರಿಸಿದವರಿಗೆ ಮಾತ್ರ ಬಿಡುಗಡೆ. ನಮ್ಮ ಸಂಹಿತೆಯ ಪಟ್ಟಿಯಲ್ಲಿ ಅಂಥ ವಿನಾಯಿತಿಯೂ ಕಾಣುವುದಿಲ್ಲ. ಕೆಲಸ ಸಿಕ್ಕೂ ಕೊಡದವನನ್ನೂ ಕೆಲಸ ಸಿಗದೆ ಕೊಡಲಾಗದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದಂತಾಗಿದೆ.

2019ರಲ್ಲಿ ಋಣಮುಕ್ತ ಆಗಿತ್ತಲ್ಲ?

ಈ ಮಾತನ್ನೂ ಹಲವರು ಕೇಳುತ್ತಾರೆ. ಕರ್ನಾಟಕ ಋಣ ಪರಿಹಾರ ಕಾಯ್ದೆ 2019ರಲ್ಲಿ ಜಾರಿಗೆ ಬಂದದ್ದು ನಿಜ. ಸಣ್ಣ ರೈತರು, ಭೂಮಿ ಇಲ್ಲದ ಕೃಷಿ ಕೂಲಿಕಾರರು ಮತ್ತು ವಾರ್ಷಿಕ ಆದಾಯ 1,20,000 ರೂಪಾಯಿ ಮೀರದ ದುರ್ಬಲ ವರ್ಗದವರು ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬೇಕಿತ್ತು. ಆದರೆ ಅದು ಖಾಸಗಿ ಲೇವಾದೇವಿಯವರ ಮತ್ತು ಗಿರವಿ ಅಂಗಡಿಗಳ ಸಾಲಕ್ಕೆ ಮಾತ್ರ, ಅದೂ ಒಂದು ಸಲದ ಪರಿಹಾರ. ಬ್ಯಾಂಕ್ ಸಾಲ ಅದರಲ್ಲಿ ಸೇರಿರಲಿಲ್ಲ. 2025ರ ಫೆಬ್ರವರಿಯಲ್ಲಿ ಬಂದ ಕಿರು ಸಾಲದ ಸುಗ್ರೀವಾಜ್ಞೆ ಕೂಡ ಸಾಲ ವಸೂಲಿಯಲ್ಲಿನ ಬಲವಂತ, ಕಿರುಕುಳ ತಡೆಯಲು ಬಂದದ್ದು. ಇವುಗಳ ಹೆಸರು ಹೇಳಿ ‘ಶಿಕ್ಷಣ ಸಾಲ ಮನ್ನಾ ಮಾಡಿಸಿಕೊಡುತ್ತೇವೆ’ ಎಂದು ದುಡ್ಡು ಕೇಳುವವರು ಬಂದರೆ ಒಂದು ಪೈಸೆಯನ್ನೂ ಕೊಡಬೇಡಿ.

ನಮ್ಮ ದೀನ್ ಕಲಿಸಿದ ಕ್ರಮ

ಸಾಲದ ವಿಷಯದಲ್ಲಿ ಇಸ್ಲಾಮಿನ ಬೋಧನೆ ಎರಡೂ ಕಡೆಗೆ ಕಟ್ಟುನಿಟ್ಟಾಗಿದೆ. ತೀರಿಸುವ ಶಕ್ತಿ ಇದ್ದೂ ಮುಂದೂಡುವುದು ಅನ್ಯಾಯ. ಸಾಲ ಬಿಟ್ಟು ತೀರಿಕೊಂಡವರ ಜನಾಝಾ ನಮಾಝ್ ಮಾಡಿಸಲು ಪ್ರವಾದಿ ಮುಹಮ್ಮದ್ (ಸ) ಅವರು ಮೊದಲ ದಿನಗಳಲ್ಲಿ ಹಿಂಜರಿದಿದ್ದರು, ಅನುಚರರೊಬ್ಬರು ಆ ಸಾಲದ ಹೊಣೆ ಹೊತ್ತ ಮೇಲೆ ಮಾಡಿಸಿದರು ಎಂದು ಹದೀಸ್‌ಗಳಲ್ಲಿದೆ. ಇನ್ನೊಂದು ಕಡೆ, ಸಾಲಗಾರ ಕಷ್ಟದಲ್ಲಿದ್ದರೆ ಅವನಿಗೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕು, ಬಿಟ್ಟುಬಿಡುವುದು ಇನ್ನೂ ಉತ್ತಮ ಎಂಬ ಆಶಯ ಪವಿತ್ರ ಕುರ್‌ಆನಿನ ಸೂರಃ ಬಕರದ 280ನೇ ಆಯತಿನಲ್ಲಿದೆ.

ಸಹೀಹ್ ಮುಸ್ಲಿಮ್‌ನಲ್ಲಿ ಬರುವ ಒಂದು ಘಟನೆ ನಮಗೆ ದಾರಿ ತೋರಿಸಿತು. ಒಬ್ಬರು ಹಣ್ಣಿನ ಫಸಲು ಕೊಂಡು ನಷ್ಟಕ್ಕೆ ಸಿಕ್ಕಿದರು, ಸಾಲ ಬೆಳೆಯಿತು. ಪ್ರವಾದಿಯವರು (ಸ) ಅವರಿಗೆ ಸದಕಾ ನೀಡುವಂತೆ ಜನರಿಗೆ ಹೇಳಿದರು. ಜನ ಕೊಟ್ಟರು, ಆದರೂ ಸಾಲ ತೀರುವಷ್ಟು ಆಗಲಿಲ್ಲ. ಆಗ ಅವರು ಸಾಲ ಕೊಟ್ಟವರಿಗೆ, ಸಿಕ್ಕಷ್ಟನ್ನು ತೆಗೆದುಕೊಳ್ಳಿ, ಅದಕ್ಕಿಂತ ಹೆಚ್ಚು ನಿಮಗಿಲ್ಲ ಎಂದು ತೀರ್ಪು ಕೊಟ್ಟರು.

ಇದರಲ್ಲಿ ಮೂರು ಹೆಜ್ಜೆಗಳಿವೆ. ಮೊದಲು ಸಮುದಾಯ ಕೈ ಹಿಡಿಯುವುದು. ಎರಡನೆಯದು, ಸಾಲಗಾರ ತನ್ನಲ್ಲಿ ಇರುವುದನ್ನೆಲ್ಲ ಪ್ರಾಮಾಣಿಕವಾಗಿ ಕೊಡುವುದು. ಮೂರನೆಯದು, ಅಲ್ಲಿಗೆ ಬಿಡುಗಡೆ. ಶಿಕ್ಷಣ ಸಾಲದ ವಿಷಯದಲ್ಲಿ ಮೂರನೆಯ ಹೆಜ್ಜೆ ಇಂದಿನ ಕಾನೂನಿನಲ್ಲಿ ನಮ್ಮ ಕೈಯಲ್ಲಿಲ್ಲ. ಹಾಗಾಗಿ ಮೊದಲಿನ ಎರಡು ಹೆಜ್ಜೆಗಳು ಇನ್ನಷ್ಟು ಮುಖ್ಯವಾಗುತ್ತವೆ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇದನ್ನೇ: ಶಿಕ್ಷಣ ಸಾಲದಲ್ಲಿ ಎರಡನೆಯ ಅವಕಾಶ ಸಿಗುವುದು ಕೊನೆಗೆ ಕೋರ್ಟಿನಲ್ಲಲ್ಲ, ಮೊದಲ ಕಂತು ತಪ್ಪುವ ಮುನ್ನ ಬ್ಯಾಂಕಿನ ಮೇಜಿನ ಮುಂದೆ.

ಕಂತು ಕಟ್ಟಲಾಗದಿದ್ದರೆ ಏನು ಮಾಡಬೇಕು?

ಒಂದು. 90 ದಿನದ ಲೆಕ್ಕ ನೆನಪಿಡಿ. ಕಂತಿನ ಬಾಕಿ 90 ದಿನ ದಾಟಿದರೆ ಬ್ಯಾಂಕು ಆ ಸಾಲವನ್ನು ಎನ್‌ಪಿಎ, ಅಂದರೆ ವಸೂಲಾಗದ ಸಾಲ ಎಂದು ಬರೆಯುತ್ತದೆ. ಅದಕ್ಕೆ ಮುನ್ನ ಮ್ಯಾನೇಜರರ ಕೈಯಲ್ಲಿ ದಾರಿಗಳಿರುತ್ತವೆ, ಆಮೇಲೆ ಕಡಿಮೆಯಾಗುತ್ತವೆ. ಮೊದಲ ಕಂತು ತಪ್ಪುತ್ತದೆ ಎಂದು ಗೊತ್ತಾದ ದಿನವೇ ಹೋಗಿ.

ಎರಡು. ಬರವಣಿಗೆಯಲ್ಲಿ ಕೇಳಿ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಇರುವುದಿಲ್ಲ, ತೀರಿಸಲು 15 ವರ್ಷದವರೆಗೆ ಅವಕಾಶವಿದೆ. ಕೆಲಸ ಇಲ್ಲದ ಅಥವಾ ತೀರಾ ಕಡಿಮೆ ಸಂಬಳದ ಕಾಲದಲ್ಲಿ ಕಂತಿಗೆ ಮತ್ತೆ ಬಿಡುವು ಕೊಡಲು, ಮೊದಲು ಸಣ್ಣ ಕಂತು ಇಟ್ಟು ವರ್ಷ ಕಳೆದಂತೆ ಏರಿಸಲು ಕೂಡ ಅದರಲ್ಲಿ ಜಾಗವಿದೆ. ಇವು ಬ್ಯಾಂಕಿನ ಒಪ್ಪಿಗೆಯ ಮೇಲೆ ನಿಂತಿವೆ, ಹಕ್ಕಲ್ಲ. ಆದರೆ ಕೇಳದಿದ್ದರೆ ಯಾರೂ ಕೊಡುವುದಿಲ್ಲ. ಅರ್ಜಿಯ ನಕಲಿನ ಮೇಲೆ ಬ್ಯಾಂಕಿನ ಸೀಲು ಹಾಕಿಸಿಕೊಳ್ಳಿ.

ಲೆಕ್ಕ ಹೀಗಿದೆ. ವರ್ಷಕ್ಕೆ 1 ಲಕ್ಷದಂತೆ 4 ವರ್ಷ ಸಾಲ ತೆಗೆದು, ಬಡ್ಡಿ ಶೇ. 10 ಎಂದು ಹಿಡಿದರೆ, ಬಿಡುವಿನ ವರ್ಷ ಮುಗಿಯುವಾಗ ಸರಳ ಬಡ್ಡಿಯೇ 1,40,000 ರೂಪಾಯಿ ಸೇರಿ ಸಾಲ 5,40,000 ಆಗಿರುತ್ತದೆ. 10 ವರ್ಷಕ್ಕೆ ತೀರಿಸಿದರೆ ತಿಂಗಳ ಕಂತು ಸುಮಾರು 7,100 ರೂಪಾಯಿ. 15 ವರ್ಷಕ್ಕೆ ಸುಮಾರು 5,800. ತಿಂಗಳಿಗೆ 1,300 ರೂಪಾಯಿ ಉಸಿರಾಟ ಸಿಗುತ್ತದೆ, ಆದರೆ ಒಟ್ಟು ಕಟ್ಟುವುದು 8.5 ಲಕ್ಷದಿಂದ ಸುಮಾರು 10.4 ಲಕ್ಷಕ್ಕೆ ಏರುತ್ತದೆ. ಕಷ್ಟ ಕಳೆದ ಮೇಲೆ ಕೈಯಲ್ಲಿ ಹಣ ಬಂದಾಗಲೆಲ್ಲ ಅಸಲಿಗೆ ಕಟ್ಟಬೇಕು ಎನ್ನುವುದು ಇದಕ್ಕೇ.

ಮೂರು. ಬ್ಯಾಂಕಿನ ಕಂತು ಕಟ್ಟಲು ಗುಂಪು ಸಾಲ, ಕೈ ಸಾಲ, ಮೊಬೈಲ್ ಆ್ಯಪ್ ಸಾಲ ತೆಗೆಯಬೇಡಿ. ಒಂದು ಹೊಂಡ ಮುಚ್ಚಲು ಇನ್ನೊಂದು ಹೊಂಡ ತೋಡಿದಂತೆ. ಶಿಕ್ಷಣ ಸಾಲಕ್ಕೆ ಕಾಲಾವಕಾಶ ಕೇಳಬಹುದು, ವಾರದ ಗುಂಪು ಸಾಲಕ್ಕೆ ಅದು ಸಿಗುವುದು ಕಷ್ಟ. ತಾಯಂದಿರು ಓಣಿಯಲ್ಲಿ ಮುಖ ಎತ್ತಲಾಗದ ಸ್ಥಿತಿಗೆ ಬರುವುದು ಹೆಚ್ಚಾಗಿ ಇದರಿಂದಲೇ.

ನಾಲ್ಕು. ಸಾಲ ಎನ್‌ಪಿಎ ಆಗಿ ಹೋಗಿದ್ದರೆ ಲೋಕ ಅದಾಲತ್ ಇದೆ. ಕೋರ್ಟಿಗೆ ಹೋಗುವ ಮೊದಲೇ ಪ್ರಕರಣವನ್ನು ಅಲ್ಲಿ ಇಡಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ಬಡ್ಡಿಯ ಒಂದು ಭಾಗ ಬಿಟ್ಟು ಒಂದೇ ಸಲಕ್ಕೆ ಅಥವಾ ಕೆಲವು ಕಂತುಗಳಲ್ಲಿ ಮುಗಿಸಲು ಬ್ಯಾಂಕು ಒಪ್ಪುವುದುಂಟು. ಎರಡು ಎಚ್ಚರಿಕೆ: ಅಲ್ಲಿ ಸಹಿಯಾದ ಒಪ್ಪಂದ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಕಟ್ಟಲಾಗದ ಮೊತ್ತಕ್ಕೆ ಮುಜುಗರದಿಂದ ಸಹಿ ಮಾಡಬೇಡಿ. ರಾಜಿಯಲ್ಲಿ ಮುಗಿದ ಸಾಲ ಸಿಬಿಲ್ ದಾಖಲೆಯಲ್ಲಿ ‘ಪೂರ್ತಿ ತೀರಿದೆ’ ಎಂದಲ್ಲ, ‘ರಾಜಿಯಾಗಿದೆ’ ಎಂದು ಕಾಣುತ್ತದೆ ಎಂಬುದೂ ಗೊತ್ತಿರಲಿ. ಮುಗಿದ ಮೇಲೆ ಬಾಕಿ ಇಲ್ಲ ಎಂಬ ಪತ್ರವನ್ನು ಪಡೆದು ಜೋಪಾನ ಮಾಡಿ.

ಹೆದರಬೇಡಿ, ಓಡಿಹೋಗಬೇಡಿ

ಸಾಲ ಕಟ್ಟಲಾಗದಿರುವುದು ಅಪರಾಧವಲ್ಲ. ಬಡತನದಿಂದ ಸಾಲ ತೀರಿಸಲಾಗದವನನ್ನು ಜೈಲಿಗೆ ಹಾಕುವುದು ಸರಿಯಲ್ಲ ಎಂದು ಸುಪ್ರೀಂ ಕೋರ್ಟು 1980ರಲ್ಲಿ, ಕೇರಳದ ಬ್ಯಾಂಕೊಂದರ ಸಾಲದ ಪ್ರಕರಣದಲ್ಲಿ ಹೇಳಿದೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಡಿಕ್ರಿ ಆದರೂ ಮೈಮೇಲಿನ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನ ಉಪಕರಣಗಳು, ಕೂಲಿಕಾರರ ಕೂಲಿ ಜಪ್ತಿಗೆ ಬರುವುದಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಹೇಳುತ್ತದೆ. ನಮ್ಮ ಗಾದಿ ಹೊಲಿಯುವವರ, ದರ್ಜಿಗಳ, ಗವಂಡಿಗಳ ಮನೆಗಳಲ್ಲಿ ಈ ಮಾತು ತಿಳಿದಿರಬೇಕು. ಆದರೆ ಬ್ಯಾಂಕಿಗೆ ಕೊಟ್ಟ ಚೆಕ್ ಬೌನ್ಸಾದರೆ ಅದು ಬೇರೆ ಪ್ರಕರಣ, ಅದರಲ್ಲಿ ಶಿಕ್ಷೆ ಇದೆ. ಖಾತೆಯಲ್ಲಿ ಹಣ ಇಲ್ಲದಿದ್ದರೆ ಚೆಕ್ ಕೊಡಬೇಡಿ.

ವಸೂಲಿಗೆ ಬರುವವರು ಬೆಳಿಗ್ಗೆ 8ಕ್ಕೆ ಮುನ್ನ, ಸಂಜೆ 7ರ ನಂತರ ಫೋನು ಮಾಡಬಾರದು, ಬೆದರಿಸಬಾರದು, ನಾಲ್ಕು ಜನರೆದುರು ಅವಮಾನ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸ್ಪಷ್ಟಪಡಿಸಿದೆ. ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಮಗನನ್ನು ಬೇರೆ ಊರಿಗೆ ಕಳಿಸಿ ಫೋನ್ ನಂಬರು ಬದಲಿಸುವುದರಿಂದ ಮಾತ್ರ ಏನೂ ಬಗೆಹರಿಯುವುದಿಲ್ಲ. ಬಡ್ಡಿ ಬೆಳೆಯುತ್ತದೆ, ನೋಟಿಸು ತಂದೆಯ ಹೆಸರಿಗೆ ಬರುತ್ತದೆ.

ಸಾಲ ಮಾಡುವ ಮೊದಲು

ಈ ವರ್ಷ ಕಾಲೇಜು ಸೇರುವ ಮಕ್ಕಳ ಪಾಲಕರು ಇದನ್ನು ಎರಡು ಸಲ ಓದಬೇಕು. ಮೊದಲು ಸರ್ಕಾರದ ವಿದ್ಯಾರ್ಥಿವೇತನ ಮತ್ತು ಶುಲ್ಕ ವಿನಾಯಿತಿ, ಆಮೇಲೆ ಟ್ರಸ್ಟುಗಳ ನೆರವು, ಅದೂ ಸಾಲದಿದ್ದರೆ ಕರ್ಜೆ ಹಸನ, ಕೊನೆಯಲ್ಲಿ ಮಾತ್ರ ಸಾಲ. ಬಡ್ಡಿಯ ಸಾಲದ ಕುರಿತು ದೀನ್‌ನ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ, ಅದನ್ನು ನಿಮ್ಮ ಮಸೀದಿಯ ಆಲಿಮರಲ್ಲಿ ಕೇಳಿ.

ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಯೋಜನೆಯಲ್ಲಿ ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸಿಗೆ ಸೇರಿದ ಮಕ್ಕಳಿಗೆ ಶೇ. 2ರ ಸೇವಾ ಶುಲ್ಕದಲ್ಲಿ ನೆರವು ಸಿಗುತ್ತದೆ. ಇದನ್ನು ಸ್ಕಾಲರ್‌ಶಿಪ್ ಎಂದು ತಿಳಿದಿರುವ ಮನೆಗಳನ್ನು ನಾವು ನೋಡಿದ್ದೇವೆ. ಅದು ಸ್ಕಾಲರ್‌ಶಿಪ್ ಅಲ್ಲ, ಓದು ಮುಗಿದ ಮೇಲೆ ತೀರಿಸಬೇಕಾದ ಸಾಲ.

ಬ್ಯಾಂಕಿನಿಂದಲೇ ತೆಗೆಯುವುದಾದರೆ, 4 ಲಕ್ಷದವರೆಗೆ ಮಾದರಿ ಯೋಜನೆಯಲ್ಲಿ ಅಡಮಾನ ಕೇಳುವಂತಿಲ್ಲ. 2015ರ ಕೇಂದ್ರದ ಸಾಲ ಖಾತರಿ ನಿಧಿಯ ಅಡಿಯಲ್ಲಿ 7.5 ಲಕ್ಷದವರೆಗಿನ ಸಾಲಕ್ಕೂ ಅಡಮಾನವಾಗಲಿ ಹೊರಗಿನವರ ಜಾಮೀನಾಗಲಿ ಇಲ್ಲದೆ ಕೊಡಲು ಅವಕಾಶವಿದೆ. ಇರುವ ಒಂದು ಮನೆಯ ಕಾಗದವನ್ನು ಅವಸರದಲ್ಲಿ ಒಯ್ದು ಕೊಡಬೇಡಿ.

ಎಲ್ಲಕ್ಕಿಂತ ಮುಖ್ಯ, ಬಡ್ಡಿ ಸಹಾಯಧನ. 2009ರಿಂದ ಕೇಂದ್ರ ಸರ್ಕಾರದ ಯೋಜನೆಯೊಂದಿದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ಮೀರದಿದ್ದರೆ, ವೃತ್ತಿಪರ ಮತ್ತು ತಾಂತ್ರಿಕ ಕೋರ್ಸುಗಳಿಗೆ ಓದಿನ ಅವಧಿ ಮತ್ತು ಒಂದು ವರ್ಷದ ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ. ಕಾಲೇಜಿಗೆ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಬೇಕು. ಮೇಲಿನ ಲೆಕ್ಕದಲ್ಲಿ ಇದರಿಂದ ಉಳಿಯುವುದು 1,40,000 ರೂಪಾಯಿ. 10 ವರ್ಷದ ಕಂತು 7,100ರಿಂದ ಸುಮಾರು 5,300ಕ್ಕೆ ಇಳಿಯುತ್ತದೆ. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ತಂದು ಮೊದಲ ವರ್ಷವೇ ಬ್ಯಾಂಕಿಗೆ ಕೊಡಬೇಕು. ಅನಾರೋಗ್ಯದಂಥ ಕಾರಣವಿಲ್ಲದೆ ಓದನ್ನು ನಡುವೆ ಬಿಟ್ಟರೆ ಈ ಸಹಾಯಧನ ಇಲ್ಲ. ಬಳೆ ಮಾರುವ ಆ ತಂದೆಗೆ ಈ ಯೋಜನೆಯ ಬಗ್ಗೆ ಯಾರೂ ಹೇಳಿರಲಿಲ್ಲ. ಆದಾಯ ಪತ್ರ ಕೊಟ್ಟಿರಲಿಲ್ಲ, ಬಡ್ಡಿ ಪೂರ್ತಿ ಅವರ ಮೇಲೆ ಬಂತು.

ದಾನಿಗಳಲ್ಲಿ ನಮ್ಮ ವಿನಂತಿ

ವಿದ್ಯಾರ್ಥಿವೇತನಕ್ಕೆ ಕೊಡುವ ಕೈಗಳು, ಅಲ್ಲಾಹನ ಕೃಪೆಯಿಂದ, ನಮ್ಮ ತಾಲ್ಲೂಕುಗಳಲ್ಲಿ ಕಡಿಮೆ ಇಲ್ಲ. ಓದುವ ಮಗುವಿಗೆ ಕೊಡುವುದು ಎಲ್ಲರಿಗೂ ಸಂತೋಷ. ಓದು ಮುಗಿಸಿ ಸಾಲದಲ್ಲಿ ಬಿದ್ದ ಯುವಕನಿಗೆ ಕೊಡುವಾಗ ನಾವು ಹಿಂಜರಿಯುತ್ತೇವೆ, ‘ಎಂಜಿನಿಯರ್ ಆಗಿದ್ದಾನಲ್ಲ’ ಎನ್ನುತ್ತೇವೆ. ಆದರೆ ಝಕಾತ್ ಯಾರಿಗೆ ಸಲ್ಲಬೇಕೆಂದು ಸೂರಃ ತೌಬಾದಲ್ಲಿ ಹೇಳಿರುವ 8 ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರದ್ದೂ ಒಂದು. ಆ ಹಕ್ಕನ್ನು ನಾವು ಮರೆತಿದ್ದೇವೆ.

ಅದಕ್ಕಾಗಿ ಮುಂದಿನ ವರ್ಷದಿಂದ ಮೂರು ಕೆಲಸ ಮಾಡಲು ತೀರ್ಮಾನಿಸಿದ್ದೇವೆ. ಮೊದಲನೆಯದು, ಕಂತು ತಪ್ಪಿದ ಕುಟುಂಬಗಳಿಗೆ ಬಾಕಿ ಸರಿಪಡಿಸಲು ಪ್ರತ್ಯೇಕ ನಿಧಿ. ಪ್ರತಿ ಪ್ರಕರಣದಲ್ಲಿ ಝಕಾತ್ ಹಣ ಬಳಸಬಹುದೇ, ಸದಕಾ ಬಳಸಬೇಕೇ ಎಂಬುದನ್ನು ಉಲಮಾಗಳನ್ನು ಕೇಳಿಯೇ ನಿರ್ಧರಿಸುತ್ತೇವೆ. ಹಣ ನೇರವಾಗಿ ಸಾಲದ ಖಾತೆಗೆ ಹೋಗುತ್ತದೆ. ಎರಡನೆಯದು, ಬ್ಯಾಂಕಿಗೂ ಕಾನೂನು ಸೇವಾ ಸಮಿತಿಗೂ ಪಾಲಕರ ಜೊತೆ ಹೋಗಲು ನಮ್ಮ ಸದಸ್ಯರಲ್ಲಿ ನಿವೃತ್ತ ಬ್ಯಾಂಕ್ ನೌಕರರು, ವಕೀಲರು ಇದ್ದವರು ಸಮಯ ಕೊಡುವುದು. ಹಣ ಕೊಡಲಾಗದವರು ಈ ಸಮಯವನ್ನು ಕೊಡಬಹುದು. ಮೂರನೆಯದು, ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಸಾಲದ ವಿವರ ಕೇಳುವ ಹೊಸ ಕಲಮು ಸೇರಿಸುವುದು.

ಈ ಕಲಮಿನ ಬಗ್ಗೆ ಪಾಲಕರಿಗೆ ಒಂದು ಮಾತು. ಸಾಲ ಇದೆ ಎಂದು ಬರೆದರೆ ಅರ್ಜಿ ತಿರಸ್ಕಾರವಾಗುತ್ತದೆ ಎಂದು ತಿಳಿಯಬೇಡಿ. ಸಾಲ ಎಷ್ಟು, ಯಾವ ಬ್ಯಾಂಕು, ಬಡ್ಡಿ ಸಹಾಯಧನಕ್ಕೆ ಆದಾಯ ಪತ್ರ ಕೊಟ್ಟಿದ್ದೀರಾ, ಕಂತು ಯಾವಾಗ ಶುರು ಎಂಬುದನ್ನು ಮುಚ್ಚುಮರೆ ಇಲ್ಲದೆ ಬರೆಯಿರಿ. ಸಾಲ ಮಂಜೂರಾತಿ ಪತ್ರದ ನಕಲು ಲಗತ್ತಿಸಿ. ಮನೆಯ ವಿಷಯ ನಮ್ಮ ಸಮಿತಿಯಿಂದ ಹೊರಗೆ ಹೋಗುವುದಿಲ್ಲ. ಅರ್ಜಿಯ ನಮೂನೆ ಈ ವರದಿಯ ಕೊನೆಯಲ್ಲಿದೆ. ಹಿಂದೆ ನಮ್ಮಿಂದ ನೆರವು ಪಡೆದು ಈಗ ಕಂತಿನ ತೊಂದರೆಯಲ್ಲಿರುವ ಯುವಕ ಯುವತಿಯರೂ ಇದೇ ನಮೂನೆಯಲ್ಲಿ ಬರೆಯಬಹುದು.

ಕೊನೆಯದಾಗಿ, ಆ ಮನೆಯ ವಿಷಯ. ಪಾಪರ್ ಅರ್ಜಿ ಹಾಕಲಿಲ್ಲ. ನಮ್ಮ ಇಬ್ಬರು ಸದಸ್ಯರು ತಂದೆ ಮಗನ ಜೊತೆ ಬ್ಯಾಂಕಿಗೆ ಹೋದರು. 90 ದಿನಕ್ಕೆ ಇನ್ನೂ ಕೆಲವು ದಿನ ಉಳಿದಿತ್ತು. ಬಾಕಿ ಕಂತುಗಳನ್ನು ಸದಕಾ ನಿಧಿಯಿಂದ ಕಟ್ಟಿದೆವು. ತೀರಿಸುವ ಅವಧಿಯನ್ನು 15 ವರ್ಷಕ್ಕೆ ಹೆಚ್ಚಿಸಲು ಬ್ಯಾಂಕು ಒಪ್ಪಿತು. ತಾಯಿಯ ಗುಂಪು ಸಾಲ ತೀರಿಸಲು ಕರ್ಜೆ ಹಸನ ಕೊಟ್ಟೆವು. ಮಗ ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಓದಿಗೆ ತಕ್ಕ ಸಂಬಳವಲ್ಲ, ಆದರೆ ಕಂತು ತಪ್ಪಿಲ್ಲ. ಸಾಲ ಇನ್ನೂ ಇದೆ, ಬಹಳ ವರ್ಷ ಇರುತ್ತದೆ. ಕರ್ಜೆ ಹಸನದ ಮೊದಲ ಕಂತು ಕೊಡಲು ಬಂದ ತಂದೆ ರಶೀದಿ ಮಡಚಿ ಜೇಬಿಗೆ ಇಟ್ಟುಕೊಳ್ಳುತ್ತ, “ಮೊದಲ ಬಂದಿದ್ರ ಚಲೋ ಇತ್ತು” ಎಂದರು.

ನಮಗೂ ಅನ್ನಿಸುವುದು ಅದೇ. ನೀವು ಮೊದಲೇ ಬನ್ನಿ. ಬಂದವರ ಕೈ ಹಿಡಿಯುವ ಶಕ್ತಿಯನ್ನು ಅಲ್ಲಾಹನು ನಮಗೂ ನಮ್ಮ ದಾನಿಗಳಿಗೂ ಕೊಡಲಿ, ಸಾಲದ ಭಾರದಿಂದ ಎಲ್ಲ ಮನೆಗಳನ್ನೂ ಕಾಪಾಡಲಿ. ಆಮೀನ್.